ಬೆಳ್ಳುಳ್ಳಿ ಇಲ್ಲದ ಹಿಂಡಿ

ರೊಟ್ಟಿಯ ಮೊದಲ ತುತ್ತು ಬಾಯಿಗೆ ಹೋದದ್ದೇ ತಡ, ಅರ್ಚನಾ ಪೂಜೇರಿ ಅಗಿಯುವುದನ್ನು ನಿಲ್ಲಿಸಿದಳು.

ತಾಟಿನ ಅಂಚಿನಲ್ಲಿ ಒಂದು ಚಮಚೆಯಷ್ಟು ಅಗಸೆ ಹಿಂಡಿ. ನೋಡಲು ಎಲ್ಲ ಖಾನಾವಳಿಗಳಲ್ಲೂ ಸಿಗುವಂಥದೇ. ಕಂದು ಬಣ್ಣ, ಮೇಲೊಂದಿಷ್ಟು ಹಸಿ ಎಣ್ಣೆ. ಆದರೆ ಬೆಳ್ಳುಳ್ಳಿಯ ಘಾಟು ಇರಲಿಲ್ಲ. ಅದರ ಜಾಗದಲ್ಲಿ ಇಂಗು. ಇಂಗಿನ ಬೆನ್ನಿಗೇ, ನಾಲಗೆಯ ಬದಿಗೆ ಬಂದು ನಿಲ್ಲುವ ತೆಳುವಾದೊಂದು ಹುಳಿ.

ಒಣಗಿಸಿದ ಹುಣಸೆ ಚಿಗುರು.

ಮೊನ್ನೆ ಹುಕ್ಕೇರಿಯಲ್ಲಿ ವಯಸ್ಸಾದ ಸುಂದರಾಬಾಯಿಯವರು ಇದೇ ಹಿಂಡಿಯನ್ನು ಅರ್ಚನಾಳ ಅಂಗೈಗೆ ಹಾಕಿ, "ರುಚಿ ನೆನಪಿಡ್ರಿ. ಇದನ್ನ ನಾ ಕಲಿಸಿದ್ದು ನನ್ನ ಸೊಸಿ ಭಕ್ತಿ ಒಬ್ಬಾಕಿಗೆ" ಎಂದಿದ್ದರು.

ಆ ಸೊಸೆ ನಾಲ್ಕು ವರ್ಷದ ಹಿಂದೆ ಘಟಪ್ರಭಾ ಹೊಳೆಯಲ್ಲಿ ಹೆಣವಾಗಿ ಸಿಕ್ಕಿದ್ದಳು. ಹೆಣದ ಮೇಲಿದ್ದ ಸೀರೆಯಿಂದ ಮನೆಯವರು ಗುರುತು ಹಿಡಿದು ಬೆಂಕಿ ಕೊಟ್ಟಿದ್ದರು. ಆದರೆ ಈ ವಾರ ಗೋಕಾಕದ ಖಾನಾವಳಿ ಹಬ್ಬಕ್ಕೆ ಹೋಗಿ ಬಂದ ನೆರೆಯವರು ಕಟ್ಟಿಸಿಕೊಂಡು ತಂದ ಪೊಟ್ಟಣದಲ್ಲಿ ಸುಂದರಾಬಾಯಿಯವರಿಗೆ ಸತ್ತ ಸೊಸೆಯ ಕೈರುಚಿ ಸಿಕ್ಕಿತ್ತು. ಅದು ಯಾವ ಖಾನಾವಳಿಯದೆಂದು ತಂದವರಿಗೆ ನೆನಪಿರಲಿಲ್ಲ. ಅದನ್ನು ಹುಡುಕುವ ಕೆಲಸವೇ ಅರ್ಚನಾಳದು.

"ಬಾಯಾಗಿನ ತುತ್ತ ನುಂಗ್ರಿ ಅಕ್ಕಾರ, ಮುಂದ ಇನ್ನೂ ಊಟ ಐತಿ!" ಎಂದು ಲಖನ ನಕ್ಕ.

ಲಖನ ಫೋಟೋ ಸ್ಟುಡಿಯೋದವನು. ಹಬ್ಬದ ದಿನಗಳಲ್ಲಿ ಕೊರಳಿಗೆ ಸೀಟಿ ತೂಗುಹಾಕಿಕೊಂಡು, ಬಂದ ಮಂದಿಯನ್ನು ಹಳೇ ಪೇಟೆಯ ಓಣಿಗಳಲ್ಲಿ ನಡೆಸಿಕೊಂಡು ಹೋಗಿ, ಒಂದೊಂದು ಖಾನಾವಳಿಯಲ್ಲಿ ಒಂದೊಂದು ತಿನಿಸು ತಿನ್ನಿಸುವುದು ಅವನ ಪಾಲಿನ ಸೇವೆ. ಮೊದಲು ಮಿರ್ಚಿ-ಗಿರಮಿಟ್ಟಿನ ಅಂಗಡಿ, ಆಮೇಲೆ ಚಹಾದ ಕಟ್ಟೆ, ಈಗ ಯಲ್ಲಕ್ಕನ ರೊಟ್ಟಿ ಖಾನಾವಳಿ.

ಹೋದಲ್ಲೆಲ್ಲ ನಾಲ್ಕು ಮಂದಿ ಕೂರುವ ಟೇಬಲ್ಲು. ಹೋದಲ್ಲೆಲ್ಲ ಅದೇ ಪ್ರಶ್ನೆ.

"ಒಬ್ಬಾಕಿನ ಏನ್ರಿ?"

"ಒಬ್ಬಾಕಿನರಿ."

ಉಳಿದವರೆಲ್ಲ ಗಂಡ-ಹೆಂಡತಿ, ಗೆಳತಿಯರ ಗುಂಪು, ಮಕ್ಕಳನ್ನು ಹೆಗಲಿಗೆ ಹಾಕಿಕೊಂಡ ಸಂಸಾರಗಳು. ಅರ್ಚನಾಳನ್ನು ಪ್ರತಿ ಸಲವೂ ಯಾವುದಾದರೂ ಮನೆಯವರ ಕೊನೆಗೆ ಸೇರಿಸುತ್ತಿದ್ದರು. ಅವರು ಪಾಪ, ಸರಿದು ಜಾಗ ಕೊಟ್ಟು, ಮಧ್ಯದಲ್ಲಿ ತಮ್ಮ ಚೀಲ ಇಡುತ್ತಿದ್ದರು. ಪೊಲೀಸ್ ಕೆಲಸ ಬಿಟ್ಟು ಪತ್ತೇದಾರಿಕೆ ಹಿಡಿದ ಮೇಲೆ, ತಾಯಿ ತೀರಿಕೊಂಡ ಮೇಲೆ, ಅವಳು ಉಣ್ಣುವುದೆಲ್ಲ ಬಾಡಿಗೆ ಕೋಣೆಯಲ್ಲಿ, ಪೊಟ್ಟಣ ಬಿಚ್ಚಿ, ಗೋಡೆಗೆ ಮುಖ ಮಾಡಿ. ಎದುರಿಗೆ ಇನ್ನೊಬ್ಬರಿದ್ದಾಗ ಎಷ್ಟು ನಿಧಾನ ಉಣ್ಣಬೇಕೆಂಬುದೇ ಅವಳಿಗೆ ಮರೆತುಹೋಗಿತ್ತು. ಇವತ್ತೂ ಎಲ್ಲರಿಗಿಂತ ಮೊದಲು ಅವಳ ತಾಟೇ ಖಾಲಿಯಾಗುತ್ತಿತ್ತು.

ಈ ತಾಟು ಮಾತ್ರ ಖಾಲಿಯಾಗಲಿಲ್ಲ. ಅವಳು ಹಿಂಡಿಯನ್ನು ಇನ್ನೊಮ್ಮೆ ಬೆರಳ ತುದಿಗೆ ಹಚ್ಚಿಕೊಂಡು ನೆಕ್ಕಿದಳು. ಸಂಶಯವೇ ಇಲ್ಲ.

ಯಲ್ಲಕ್ಕ ರೊಟ್ಟಿಯ ಬುಟ್ಟಿ ಹಿಡಿದು ಬಂದಳು. ಐವತ್ತರ ಆಸುಪಾಸಿನ ಗಟ್ಟಿ ಆಳು. ಎಲ್ಲರಿಗೂ ತಮ್ಮಾ, ತಂಗಿ ಎನ್ನುತ್ತ ಕೇಳದೆಯೇ ಬಡಿಸುವವಳು.

"ಹಿಂಡಿ ಭಾಳ ಛಲೋ ಐತ್ರಿ ಅಕ್ಕಾ. ಯಾರ ಮಾಡ್ಯಾರ?"

"ನಾನ ಮಾಡೇನಿ ತಂಗಿ. ಮತ್ಯಾರ ಮಾಡ್ತಾರ?"

"ಬಳ್ಳೊಳ್ಳಿ ಹಾಕಿಲ್ಲಲ್ರಿ?"

ಬುಟ್ಟಿಯಲ್ಲಿದ್ದ ಯಲ್ಲಕ್ಕನ ಕೈ ಅಲ್ಲೇ ನಿಂತಿತು. "ಹಬ್ಬದ ಗಡಿಬಿಡ್ಯಾಗ ಮರತಿರಬೇಕು."

"ಹುಣಸಿ ಚಿಗರ ಹಾಕೂದು ಮರತಿಲ್ಲಲ್ರಿ."

"ಹುಣಸಿ ಚಿಗರ?" ಯಲ್ಲಕ್ಕನ ಹುಬ್ಬು ಮೇಲೇರಿತು. ಅದು ನಟನೆಯಲ್ಲ. ತಾನೇ ಮಾಡಿದೆನೆನ್ನುವ ಹಿಂಡಿಯಲ್ಲಿ ಏನೇನಿದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. "ಅಗಸಿ ಹಿಂಡಿಗೆ ಯಾರ ಹಾಕ್ತಾರ ಅದನ್ನ? ರೊಟ್ಟಿ ತಗೋ, ರೊಟ್ಟಿ."

ಒಂದರ ಬದಲು ಎರಡು ರೊಟ್ಟಿ ಹಾಕಿ ಅವಳು ಬೇಗನೆ ಮುಂದಿನ ಟೇಬಲ್ಲಿಗೆ ಹೋದಳು. ಹೋಗುವಾಗ ಹಿತ್ತಲಿನ ಬಾಗಿಲನ್ನು ಒಮ್ಮೆ ನೋಡಿದಳು.

ಅರ್ಚನಾಳಿಗೆ ಅಷ್ಟು ಸಾಕಿತ್ತು. ಕೈ ತೊಳೆಯುವ ನೆಪ ಮಾಡಿ ಎದ್ದಳು.

ಹಿತ್ತಲಿನಲ್ಲಿ ಒಂದು ನಲ್ಲಿ. ನಲ್ಲಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು. ನೀರಿನಲ್ಲಿಯ ಕಣ್ಣಿಗೆ ಕಾಣದ ಜೀವಕ್ಕೂ ನೋವಾಗಬಾರದೆಂದು ಸೋಸಿ ಕುಡಿಯುವ, ಬೆಳ್ಳುಳ್ಳಿ ಮುಟ್ಟದ ಜೈನರ ಮನೆಗಳಲ್ಲಿ ಹೀಗೆ ಕಟ್ಟುತ್ತಾರೆ. ಹುಕ್ಕೇರಿಯ ಆ ದೊಡ್ಡ ಮನೆಯ ಅಡುಗೆಮನೆಯಲ್ಲೂ ಕಟ್ಟಿದ್ದನ್ನು ಅವಳು ಕಂಡಿದ್ದಳು. ಕುರಿಗಾರರ ಮನೆತನದವಳೆಂದು ಲಖನ ಹೇಳಿದ್ದ ಯಲ್ಲಕ್ಕನಿಗೆ ಇದರ ರೂಢಿ ಎಲ್ಲಿಂದ ಬರಬೇಕು?

ನಲ್ಲಿಯ ಆಚೆ, ಒಗೆಯುವ ಕಲ್ಲಿನ ಮೇಲೆ ಒಬ್ಬ ಹೆಂಗಸು ಇವಳಿಗೆ ಬೆನ್ನು ಮಾಡಿ ಕೂತಿದ್ದಳು. ತೊಡೆಯ ಮೇಲೆ ಸಣ್ಣ ತಾಟು. ಪಡುವಣ ಕಡೆಗೆ ಮುಖ. ಪಕ್ಕದ ಮಾಳಿಗೆಯ ಮೇಲೆ ಇನ್ನೊಂದಿಷ್ಟು ಬಿಸಿಲು ಉಳಿದಿತ್ತು. ಅದನ್ನೊಮ್ಮೆ ತಾಟನ್ನೊಮ್ಮೆ ನೋಡುತ್ತ, ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರಂತೆ, ಬಿಸಿಲು ಹೋಗುವುದರೊಳಗೆ ಮುಗಿಸಬೇಕೆಂಬ ಅವಸರದಲ್ಲಿ ಉಣ್ಣುತ್ತಿದ್ದಳು. ಗೋಡೆಯ ಈಚೆಗೆ ಇಡೀ ಓಣಿ ಈಗಷ್ಟೇ ಊಟಕ್ಕೆ ಕೂತು ನಗುತ್ತಿತ್ತು.

ಅರ್ಚನಾ ಬಾಗಿಲಲ್ಲೇ ನಿಂತಳು. ಯಾರೋ ಕನ್ನಡಿ ಹಿಡಿದ ಹಾಗಾಯಿತು ಅವಳಿಗೆ.

ಅಷ್ಟರಲ್ಲಿ ಅವಳ ಫೋನು ರಿಂಗಾಯಿತು.

"ಹೇಳ್ರಿ ಸುಂದರಾಬಾಯಿಯಾರ."

ಕಲ್ಲಿನ ಮೇಲೆ ಕೂತವಳ ಕೈ, ತಾಟಿಗೂ ಬಾಯಿಗೂ ನಡುವೆ, ನಿಂತುಬಿಟ್ಟಿತು.

"ಏನರ ಗೊತ್ತಾತೇನ್ರಿ?" ಆ ಕಡೆಯಿಂದ ಸುಂದರಾಬಾಯಿಯವರ ದನಿ ಪಿಸುಗುಡುತ್ತಿತ್ತು. "ಮೈದುನ ಆಬಾಸಾಹೇಬರು ಬಾಜೂ ಖೋಲ್ಯಾಗ ಅದಾರ. ನಾ ನಿಮ್ಮನ್ನ ಕಳಿಸಿದ್ದು ಅವರಿಗೆ ಗೊತ್ತಿಲ್ಲ. ಶ್ರೇಯಸನಿಗೂ ಹೇಳಿಲ್ಲ."

ಶ್ರೇಯಸ ಸುಂದರಾಬಾಯಿಯವರ ಮಗ, ಭಕ್ತಿಯ ಗಂಡ.

ಅರ್ಚನಾ ಎದುರಿನ ಬೆನ್ನನ್ನೇ ನೋಡುತ್ತಿದ್ದಳು. ಕಣ್ಣಾರೆ ಕಂಡು ಖಾತ್ರಿ ಮಾಡಿಕೊಳ್ಳದೆ ಕೆಲಸ ಕೊಟ್ಟವರಿಗೆ ಏನನ್ನೂ ಹೇಳಬಾರದೆಂಬುದು ಅವಳ ನೇಮ.

"ಇನ್ನೂ ಏನೂ ಇಲ್ರಿ."

"ಹೌದೇನ್ರಿ..." ದನಿ ಕುಸಿಯಿತು. "ಮನಿ ತುಂಬ ಮಂದಿ ಅದಾರ್ರಿ. ಆದ್ರ ಉಣ್ಣಾಕ ನನ್ನ ಬಾಜೂಕ ಯಾರೂ ಕುಂದರಂಗಿಲ್ಲ. ಅಕಿ ಕುಂದರತಿದ್ಲು. ಆಗಲಿ, ಇಡ್ತೇನ್ರಿ."

ಫೋನು ಕಟ್ಟಾಯಿತು. ಅರ್ಚನಾ ಅದನ್ನು ಚೀಲಕ್ಕೆ ಹಾಕಿ ಒಗೆಯುವ ಕಲ್ಲಿನ ಬಳಿಗೆ ಹೋದಳು. ಒಳಗೆ ಲಖನನ ಸೀಟಿ ಕೇಳಿಸಿತು. ಮಂದಿ ಮುಂದಿನ ಖಾನಾವಳಿಗೆ ಹೊರಟಿದ್ದರು. ಒಬ್ಬಾಕೆ ಕಡಿಮೆ ಇದ್ದಾಳೆಂದು ಯಾರೂ ಕೇಳಲಿಲ್ಲ.

"ಉಣ್ರಿ. ಇನ್ನೂ ಬಿಸಿಲ ಐತಿ."

ಹೆಂಗಸು ತಿರುಗಿದಳು. ಮೂವತ್ತೈದರ ಒಳಗಿನ, ಸೊರಗಿದ ಮುಖ. "ಯಾರ್ರಿ ನೀವು? ಇಲ್ಲಿ ಗಿರಾಕಿ ಬರಂಗಿಲ್ಲ."

"ನಿಮ್ಮ ಹಿಂಡಿ ಹುಡಿಕ್ಯಾಡಕೋತ ಬಂದಾಕಿ."

"ಯಲ್ಲಕ್ಕ ಮಾಡ್ಯಾಳದು. ನಾ ಬಾಂಡೆ ತಿಕ್ಕಾಕಿ, ಸುವರ್ಣಾ ಅಂತ. ಊರು ತುಕ್ಕಾನಟ್ಟಿ."

"ತುಕ್ಕಾನಟ್ಟ್ಯಾಗ ಯಾರ ಪೈಕಿ?"

"ಯಾರೂ ಇಲ್ಲ."

"ನಳಕ್ಕ ಅರಿವಿ ಯಾಕ ಕಟ್ಟೀರಿ?"

"ನೀರಾಗ ಹೊಲಸ ಬರತೈತಿ."

"ಹೊತ್ತ ಮುಣುಗೂದರಾಗ ಯಾಕ ಉಣ್ಣಾಕತ್ತೀರಿ?"

"ಹಸಿವಾಗಿತ್ತು." ಆ ಹೆಂಗಸು ತಾಟನ್ನು ಕೆಳಗಿಟ್ಟಳು. ಅದರಲ್ಲಿ ಇನ್ನೂ ಅರ್ಧ ರೊಟ್ಟಿ ಇತ್ತು.

"ಭಕ್ತಿಯಾರ."

ಹೆಂಗಸು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಭಕ್ತಿಯಾರ, ನಾ ಪೊಲೀಸ್ ಅಲ್ಲ. ನಿಮ್ಮನ್ನ ಎಳಕೊಂಡ ಹೋಗಾಕ ಬಂದಿಲ್ಲ."

"ಅಕಿ ಸತ್ತಾಳ್ರಿ. ಪೇಪರದಾಗ ಬಂದಿತ್ತು."

"ನೀವು ಓದಿದ್ರೇನು?"

ಮಾಳಿಗೆಯ ಮೇಲಿನ ಬಿಸಿಲು ಹೋಗಿತ್ತು. ಆ ಹೆಂಗಸು ಉತ್ತರದ ಬದಲು ತಾನೇ ಕೇಳಿದಳು.

"ನಮ್ಮ ಅತ್ತಿ ಆರಾಮ ಅದಾರೇನ್ರಿ?"

ಅರ್ಚನಾ ಅವಳ ಪಕ್ಕದಲ್ಲಿ ಕೂತಳು. ಕಲ್ಲು ಇಬ್ಬರಿಗೆ ಸಣ್ಣದಾಗಿತ್ತು. ಆದರೂ ಭಕ್ತಿ ಸರಿಯಲಿಲ್ಲ.

"ಆರಾಮ ಅದಾರ. ನಿಮ್ಮನ್ನ ನೆನಸ್ತಾರ. ಮೊದಲ ಇದನ್ನ ಹೇಳ್ರಿ. ಅಡಗಿ ಕುಂತಾಕಿ ಊರಿಗೆಲ್ಲ ಯಾಕ ಹಿಂಡಿ ಬಡಿಸಿದ್ರಿ?"

"ನಾ ಬಡಿಸಿಲ್ಲರಿ. ನನ್ನ ಪೂರ್ತೆ ಮಾಡಿ ಡಬ್ಬ್ಯಾಗ ಇಟ್ಕೊಂಡಿದ್ನಿ. ಹಬ್ಬದ ಮೊದಲನೇ ದಿವಸ ಮಂದಿ ಹೆಚ್ಚಾಗಿ ಯಲ್ಲಕ್ಕನ ಹಿಂಡಿ ತೀರಿತು. ಅಕಿ ನನ್ನ ಡಬ್ಬಿ ಎತ್ತಿ ಹಾಕಿಬಿಟ್ಲು. ಮಂದಿ ಅದನ್ನ ಬೇಕಂದ್ರು. ಹೆಂಗ ಬ್ಯಾಡ ಅನ್ನಲಿ? ನನ್ನ ಹೆಸರ ಮಾತ್ರ ಎತ್ತಬ್ಯಾಡ ಅಂದಿದ್ನಿ."

"ಹೊಳ್ಯಾಗ ಸಿಕ್ಕಾಕಿ ಯಾರು?"

ಭಕ್ತಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಮತ್ತೆ ಮತ್ತೆ ಒರೆಸಿಕೊಂಡಳು.

"ಬಾಳವ್ವ. ನಮ್ಮ ಮನ್ಯಾಗ ಕೆಲಸಕ್ಕಿದ್ಲು. ಮಮದಾಪುರದಾಕಿ."

ನಾಲ್ಕು ವರ್ಷದಿಂದ ಯಾರಿಗೂ ಹೇಳದೆ ಉಳಿದದ್ದು ಆಮೇಲೆ ತಡೆಯಿಲ್ಲದೆ ಬಂತು. ಗಂಡ ಶ್ರೇಯಸ ಅವಳ ಜೊತೆ ಮಾತು ಬಿಟ್ಟು ಬಹಳ ದಿನವಾಗಿತ್ತು. ಮಕ್ಕಳಾಗಲಿಲ್ಲವೆಂದು ಮನೆಯಲ್ಲಿ ಇನ್ನೊಂದು ಸಂಬಂಧದ ಮಾತು ನಡೆದಿತ್ತು. ತವರಿಗೆ ಹೋಗು ಎಂದು ಒಂದು ದಿನ ಆಬಾಸಾಹೇಬರೇ ಹೇಳಿದರು. ಗೋಕಾಕದಲ್ಲಿ ಹೊಳೆಗೆ ಹೋಗಿ ಬಾಗಿನ ಬಿಟ್ಟು, ಆಮೇಲೆ ಮೂಡಲಗಿ ಬಸ್ಸು ಹತ್ತುತ್ತೇನೆಂದು ಅವಳು ಮನೆಯಲ್ಲಿ ಹೇಳಿ ಹೊರಟಿದ್ದಳು. ಜೊತೆಗೆ ಬಂದವಳು ಬಾಳವ್ವ ಒಬ್ಬಳೇ.

"ಬಸ್ ಸ್ಟ್ಯಾಂಡಿಗೆ ಬಂದಾಗ ಹೊಳಿಗೆ ಹೋಗಾಕ ಮನಸಾಗಲಿಲ್ಲರಿ. ಯಾರ ಸಲುವಾಗಿ ಬಾಗಿನ ಬಿಡಲಿ? ನನ್ನ ಹಸರ ಇಳಕಲ್ಲ ಸೀರಿ ಬಾಳವ್ವನ ಕೈಯಾಗ ಕೊಟ್ನಿ. ಅಕಿಗೆ ಅದರ ಮ್ಯಾಲ ಭಾಳ ಆಸೆ ಇತ್ತು. ಉಟ್ಟಕೊಂಡ ಹೋಗಿ ನನ್ನ ಪಾಲಿಂದು ಹೊಳಿಗೆ ಬಿಟ್ಟ ಬಾ ಅಂದ್ನಿ. ನಾ ಬಸ್ ಹತ್ತಿದ್ನಿ."

"ತವರಮನಿಗೆ ಹೋದ್ರಿ?"

"ಬಾಗಿಲತನಕ ಹೋಗಿದ್ನಿ. ಒಳಗ ಅಣ್ಣ-ವೈನಿ ನಗಾಕತ್ತಿದ್ರು. ಆ ನಗಿಯೊಳಗ ನಾ ಹೋಗಿ ಕುಂತ್ರ ಅದು ನಿಂದರತೈತಿ ಅನಸ್ತು. ಹೊಳ್ಳಿ ಬಂದು ಬಸ್ ಸ್ಟ್ಯಾಂಡಿನ್ಯಾಗ ಕುಂತ್ನಿ. ಮರುದಿನ ಅಲ್ಲೇ ಬಿದ್ದಿದ್ದ ಪೇಪರದಾಗ ನಾ ಸತ್ತ ಸುದ್ದಿ ಓದಿದ್ನಿ. ಮಾರಿ ಗುರ್ತ ಸಿಗದಂಗ ಆಗೇತಿ, ಹಸರ ಇಳಕಲ್ಲ ಸೀರಿ ಐತಿ ಅಂತ."

"ನಿಮ್ಮನ್ನ ಅಂತ ತಿಳದು ಬಾಳವ್ವನ್ನ ಯಾರೋ ನೂಕ್ಯಾರ. ಹಂಗ ಅನಸ್ತೇನು?"

"ಮತ್ತೇನ ಅನಸಬೇಕ್ರಿ? ಅಕಿ ಈಸು ಬರತಿದ್ದಾಕಿ. ತಾನಾಗಿ ಮುಣಗಾಕಿ ಅಲ್ಲ."

"ನೀವು ಹೊಳಿಗೆ ಹೋಗೂದು ಯಾರಿಗೆ ಗೊತ್ತಿತ್ತು?"

"ನಮ್ಮವರಿಗೆ. ಆಬಾಸಾಹೇಬ ಕಾಕಾರಿಗೆ. ಅತ್ತಿಗೆ."

"ಇಲ್ಲಿಗ್ಯಾಕ ಬಂದ್ರಿ?"

ಭಕ್ತಿ ಒಳಗಿನ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಯಲ್ಲಕ್ಕ ಬಾಳವ್ವನ ಒಡಹುಟ್ಟಿದ ಅಕ್ಕ ರಿ. ತಂಗಿ ಸತ್ತಾಳಂತ ಹೇಳಾಕ ಬಂದಿದ್ನಿ. ನಾ ಬಾಯಿ ತಗಿಯೂದರಾಗ ಅಕಿ ತಾಟ ಹಚ್ಚಿ, ಮೊದಲ ಉಣ್ಣವಾ, ಹಸದಂಗ ಕಾಣತಿ ಅಂದ್ಲು. ಉಂಡ ಮ್ಯಾಲ ಹೇಳಾಕ ಆಗಲಿಲ್ಲ. ಮರುದಿನ ಹೇಳಬೇಕಂದ್ನಿ. ಹಂಗ ನಾಕ ವರ್ಷ ಆಗೇತಿ. ಅಕಿ ಅನ್ನ ಉಂಡಕೋತ, ಅಕಿ ತಂಗಿ ಸಾವ ಹೊಟ್ಟ್ಯಾಗ ಇಟ್ಕೊಂಡ ಅದೇನಿ."

ಅರ್ಚನಾಳಿಗೆ ದುಃಖ ತಾಗಿರಲಿಲ್ಲವೆಂದಲ್ಲ. ಆದರೆ ಆ ಕಥೆಯಲ್ಲಿ ಎಲ್ಲೋ ಒಂದು ಎಳೆ ಸರಿಯಾಗಿ ಕೂತಿರಲಿಲ್ಲ.

"ನಾಕ ವರ್ಷದಾಗ ಯಲ್ಲಕ್ಕ ತಂಗಿನ್ನ ಹುಡಿಕ್ಯಾಳೇನು?"

"ಇಲ್ಲ."

"ಹುಕ್ಕೇರಿಗೆ ಹೋಗಿ ಕೇಳ್ಯಾಳೇನು? ಪೊಲೀಸರ ಕಡೆ?"

"ಇಲ್ಲ."

"ನೆನಸಿ ಒಮ್ಮೆರೆ ಅತ್ತಾಳೇನು?"

"ಹೆಸರ ಸೈತ ಎತ್ತಿಲ್ಲರಿ. ನನಗ ಅದ ಒಂದ ಪುಣ್ಯ ಆಗಿತ್ತು."

"ಪುಣ್ಯ ಅಲ್ಲ ಭಕ್ತಿಯಾರ." ಅರ್ಚನಾ ಎದ್ದು ನಿಂತಳು. "ಗುರ್ತಿಲ್ಲದಾಕಿ ಹಸದಾಳಂತ ತಾಟ ಹಚ್ಚೂ ಹೆಂಗಸು. ಒಡಹುಟ್ಟಿದಾಕಿ ಕಾಣದಂಗ ಆದ್ರ ಸುಮ್ಮ ಕುಂದರತಾಳೇನು?"

ಬಾಗಿಲಲ್ಲಿ ಬಳೆಯ ಸದ್ದಾಯಿತು. ಯಲ್ಲಕ್ಕ ಖಾಲಿ ಬುಟ್ಟಿ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಭಕ್ತಿ ಎದ್ದವಳೇ ಅವಳ ಕಾಲಿಗೆ ಬಿದ್ದಳು. "ಅಕ್ಕಾ, ನಾ ಹೇಳಬೇಕಿತ್ತು. ನಿನ್ನ ತಂಗಿ ನನ್ನ ಸೀರಿ ಉಟ್ಟು ಸತ್ತಾಳ. ನನ್ನ ಸಾವು ಅಕಿಗೆ ಬಂತು."

ಯಲ್ಲಕ್ಕ ಅಳಲಿಲ್ಲ. ಎದೆ ಬಡಿದುಕೊಳ್ಳಲಿಲ್ಲ. ಬುಟ್ಟಿಯನ್ನು ಗೋಡೆಗೆ ಆನಿಸಿಟ್ಟು, ಬಗ್ಗಿ ಭಕ್ತಿಯ ರೆಟ್ಟೆ ಹಿಡಿದು ಎಬ್ಬಿಸಿದಳು. ಅವಳ ಮುಖದಲ್ಲಿದ್ದದ್ದು ದಿಗಿಲು.

"ಸುವರ್ಣಾ, ಅಂದ್ರ ನೀನ ಏನ ಆ ಹುಕ್ಕೇರಿ ವೈನಿ?"

ಭಕ್ತಿ ತಲೆಯಾಡಿಸಿದಳು.

"ಅಯ್ಯ ನನ್ನ ತಾಯಿ. ನನ್ನ ಮನ್ಯಾಗ ಇದ್ದು, ನನ್ನ ಬಾಜೂಕ ಮಲಗಿ, ಒಂದ ಮಾತ ಕೇಳಬಾರದಾಗಿತ್ತ ನೀನು?" ಯಲ್ಲಕ್ಕ ಅರ್ಚನಾಳ ಕಡೆ ನೋಡಿದಳು. ಮುಚ್ಚಿಟ್ಟು ಇನ್ನು ಉಪಯೋಗವಿಲ್ಲವೆಂದು ಅವಳಿಗೂ ಅನಿಸಿರಬೇಕು. "ಬಾಳಿ ಸತ್ತಿಲ್ರಿ. ನಿನ್ನೆ ಮುಂಜಾನೆ ನನ್ನ ಜೋಡಿ ಮಾತಾಡ್ಯಾಳ."

ಭಕ್ತಿ ಯಲ್ಲಕ್ಕನ ತೋಳು ಗಟ್ಟಿಯಾಗಿ ಹಿಡಿದಳು.

"ಎಲ್ಲಿ ಅದಾಳ?" ಅರ್ಚನಾ ಕೇಳಿದಳು.

"ಅದನ್ನ ನನಗೂ ಹೇಳಿಲ್ಲ. ಮಹಾರಾಷ್ಟ್ರದ ಕಡೆ ಅಂತಾಳ. ನಾ ಬದುಕೇನಿ ಅಂತ ಯಾರ ಮುಂದೂ ಅನಬ್ಯಾಡ, ಅಂದ್ರ ನನ್ನ ಹೆಣ ನೋಡ್ತಿ ಅಂತ ಆಣಿ ಹಾಕಿಸ್ಯಾಳ. ಅದಕ್ಕ ಬಾಯಿ ಮುಚ್ಚಿದ್ನಿ. ಇಕಿ ಮುಂದೂ."

ಒಂದೇ ಒಲೆಯ ಮುಂದೆ ಇಬ್ಬರು ಹೆಂಗಸರು. ಒಬ್ಬಳಿಗೆ ಬಾಳವ್ವ ಸತ್ತಳೆಂಬ ನಂಬಿಕೆ, ಇನ್ನೊಬ್ಬಳಿಗೆ ಬದುಕಿರುವುದು ಗೊತ್ತು. ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಇಷ್ಟು ವರ್ಷ ಬದಿಬದಿಗೆ ಕೂತು ರೊಟ್ಟಿ ಬಡಿದಿದ್ದರು.

"ಫೋನ ಹಚ್ರಿ," ಎಂದಳು ಅರ್ಚನಾ.

"ಆಣಿ ಐತ್ರಿ."

"ಸತ್ತಾಳಂತ ನಂಬಿದಾಕಿ ಇಲ್ಲಿ ನಿಂತಾಳ. ಆಣಿ ಇನ್ನ ಯಾರ ಸಲುವಾಗಿ?"

ಯಲ್ಲಕ್ಕ ಕುಪ್ಪಸದೊಳಗಿಂದ ಹಳೆಯ ಫೋನು ತೆಗೆದಳು. ತಂಗಿಯ ನಂಬರು ಒತ್ತಿ, ದನಿ ಎಲ್ಲರಿಗೂ ಕೇಳುವ ಹಾಗೆ ಮಾಡಿ ಅಂಗೈಯಲ್ಲಿ ಹಿಡಿದಳು. ಹಿತ್ತಲಿನಲ್ಲಿ ಕತ್ತಲಾಗುತ್ತಿತ್ತು. ಓಣಿಯ ಆ ತುದಿಯಿಂದ ಮಂದಿಯ ನಗು, ಲಖನನ ಸೀಟಿ ತೆಳ್ಳಗೆ ಕೇಳಿಬರುತ್ತಿದ್ದವು.

"ಹೇಳಕ್ಕಾ." ಒಬ್ಬ ಹೆಂಗಸಿನ ದನಿ.

ಭಕ್ತಿ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆ ದನಿ ಬಾಳವ್ವನದೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಬಾಳವ್ವಾ," ಎಂದಳು ಕೊನೆಗೆ. "ನಾನು... ಭಕ್ತಿ."

"ವೈನಿಯಾರ. ಅಕ್ಕನ ಕಡೆ ಯಾವಾಗ ಬಂದ್ರಿ?"

ಅರ್ಚನಾ ಕಿವಿ ನಿಮಿರಿಸಿದಳು. ನಾಲ್ಕು ವರ್ಷದ ಹಿಂದೆ ಚಿತೆ ಏರಿದಳೆಂದು ನಂಬಿದವಳ ದನಿ ಕೇಳಿದರೆ ಯಾರಾದರೂ ಚೀರಬೇಕು, ಇಲ್ಲವೇ ಫೋನು ಒಗೆಯಬೇಕು. ಇವಳಿಗೆ ಆಶ್ಚರ್ಯವೇ ಆಗಿರಲಿಲ್ಲ. ಭಕ್ತಿ ಸತ್ತಿಲ್ಲವೆಂಬುದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು.

ಅರ್ಚನಾ ಫೋನಿನ ಹತ್ತಿರ ಬಗ್ಗಿದಳು.

"ಬಾಳವ್ವಾ, ನಾ ಭಕ್ತಿಯವರ ಕಡೆಯಾಕಿ. ಒಂದ ಮಾತ ಹೇಳ. ಹಸರ ಸೀರಿ ನಿನ್ನ ಕೈಯಾಗ ಕೊಟ್ಟಿದ್ರು. ಹೊಳ್ಯಾಗ ಅದನ್ನ ಉಟ್ಟ ಸಿಕ್ಕಾಕಿ ಯಾರು?"

"ಹೆಸರ ಗೊತ್ತಿಲ್ಲರಿ." ದನಿ ಸಣ್ಣದಾಯಿತು. "ನಾ ಕಾಣೂದರಾಗ ಅಕಿ ಸತ್ತು ದಂಡ್ಯಾಗ ಬಿದ್ದಿದ್ಲು. ವೈನಿಯಾರ, ಅಕಿಗೆ ನಿಮ್ಮ ಸೀರಿ ಉಡಿಸಿದಾಕಿ ನಾನ. ನನ್ನ ಕೈಯಾರೆ."

"ಯಾಕ ಬಾಳವ್ವಾ?" ಭಕ್ತಿ ಫೋನನ್ನು ತನ್ನ ಕಡೆಗೆ ಎಳೆದುಕೊಂಡಳು. "ಯಾರ ಹೇಳಿದ್ರು ನಿನಗ?"

ಆ ಕಡೆ ಎಲ್ಲೋ ಒಂದು ಬಾಗಿಲು ಮುಚ್ಚಿದ ಸದ್ದು. ಬಾಳವ್ವ ಅಳುತ್ತಿದ್ದಳು.

"ಬಾಜೂಕ ನಿಂತು ನೆರಿಗಿ ಹಿಡದು ಕೊಟ್ಟವರು ನಿಮ್ಮ ಅತ್ತಿಯಾರ ರಿ."